ಬಾಣಂತನಕ್ಕೆ ಒಟ್ಟಿದ ಕುಳ್ಳು

ನಾನು ಗ್ಯಾಸ್ ಹಂಚುವವನು. ಹೆಸರು ವೀರಣ್ಣ. ಮಹಾಲಿಂಗಪುರದ ಗೋದಾಮಿನಿಂದ ತುಂಬಿದ ಸಿಲಿಂಡರ್ ಹೇರಿಕೊಂಡು ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸಿ, ಖಾಲಿಯಾದವನ್ನು ತಿರುಗಿ ತಂದು ಹಾಕುವುದು ನನ್ನ ಕೆಲಸ. ಹದಿನಾರು ವರ್ಷ ಇದನ್ನೇ ಮಾಡಿದ್ದೇನೆ. ಇಂಥವನು ಕುಳ್ಳಿನ ಬಗ್ಗೆ ಬರೆಯಲು ಕೂತಿದ್ದಾನೆಂದರೆ ನಮ್ಮ ಗೋದಾಮಿನವರು ನಕ್ಕಾರು. ನಗಲಿ. ನಮ್ಮ ಮನೆ ಇರುವುದು ರನ್ನ ಬೆಳಗಲಿಯಲ್ಲಿ, ನಮ್ಮ ಮನೆಯ ಹಿಂಗೋಡೆ ಶಿವವ್ವನ ಹಿತ್ತಲಿಗೆ ಮುಖ ಮಾಡಿದೆ. ಆ ಗೋಡೆಗೆ ಅವಳು ದಿನಾ ಬೆಳಿಗ್ಗೆ ಕುಳ್ಳು ಬಡಿಯುತ್ತಿದ್ದಳು, ಒಳಗೆ ನಮ್ಮ ಕ್ಯಾಲೆಂಡರ್ ಅಲುಗಾಡುತ್ತಿತ್ತು. ಹೀಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಕುಳ್ಳು ಎಂದರೆ ದನದ ಸಗಣಿಯನ್ನು ತಟ್ಟಿ, ಬಿಸಿಲಿಗೆ ಒಣಗಿಸಿದ ಉರುವಲು. ಮೈಸೂರಿನ ಕಡೆಯವರು ಬೆರಣಿ ಎನ್ನುತ್ತಾರೆ. ಸಾಲೆಯ ಪುಸ್ತಕದಲ್ಲಿ ಆ ಮಾತು ಬಂದಾಗ ನಾವು ಅದೇನೋ ತಿನ್ನುವ ಪದಾರ್ಥ ಇರಬೇಕೆಂದು ತಿಳಿದಿದ್ದೆವು. ಅರ್ಥ ಹೇಳುವುದಾದರೆ ಇಷ್ಟೇ, ಒಂದು ಸಾಲು. ಬಳಕೆ ಮಾತ್ರ ಶಿವವ್ವನ ಬಾಯಿಂದಲೇ ಕೇಳಬೇಕು. ರೊಟ್ಟಿಗೆ ಉರಿ ಬೇಕು, ಅದಕ್ಕೆ ಹತ್ತಿಕಟ್ಟಿಗೆ. ಹಾಲಿಗೆ ಕಾವು ಬೇಕು, ಅದಕ್ಕೆ ಕುಳ್ಳು. ಜಳಕದ ನೀರಿಗೆ ಎಮ್ಮೆಯ ಸಗಣಿಯ ಕುಳ್ಳಾದರೂ ನಡೆಯುತ್ತದೆ. ಬೂದಿ ಪಾತ್ರೆ ತಿಕ್ಕಲಿಕ್ಕೂ ಆಯಿತು, ಬಿತ್ತನೆಯ ಕಾಳಿಗೆ ಹುಳ ಬೀಳದಂತೆ ಕಲಸಿಡಲಿಕ್ಕೂ ಆಯಿತು. ಬಾಣಂತಿಗೆ ಮಾತ್ರ ಜವಾರಿ ಆಕಳ ಸಗಣಿಗೆ ಜೋಳದ ಹೊಟ್ಟು ಕಲಸಿ ಮಾಡಿದ್ದೇ ಆಗಬೇಕು, ಬೇರೆಯದು ನಡೆಯುವುದಿಲ್ಲ.

ಶಿವವ್ವನಿಗೆ ಅರವತ್ತೆರಡು ವರ್ಷ. ಗಂಡ ಚನಮಲ್ಲಪ್ಪನಿಗೆ ಎರಡು ಎಕರೆ ಕಬ್ಬು, ಅರ್ಧ ಎಕರೆ ಜೋಳ. ಮನೆಯ ಮಾತನ್ನೆಲ್ಲ ಹೆಂಡತಿಯ ಪಾಲಿಗೆ ಬಿಟ್ಟು ತಾನು ಹೊಲ ಇಟ್ಟುಕೊಂಡ ಮನುಷ್ಯ ಆತ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಆಕಳು. ಮನೆಗೆ ಗ್ಯಾಸ್ ಬಂದು ಆರು ವರ್ಷವಾಗಿದೆ, ತಂದುಕೊಟ್ಟವನು ನಾನೇ. ವರ್ಷಕ್ಕೆ ಒಂದು ಸಿಲಿಂಡರ್ ಕೂಡ ಮುಗಿಯುತ್ತಿರಲಿಲ್ಲ.

"ಏನಬೇ ಯವ್ವಾ, ಅದಕ್ಕ ಪೂಜಾ ಮಾಡ್ತೀ ಏನು? ಖಾಲೀನ ಆಗವಲ್ದು," ಎಂದು ನಾನು ಕೆಣಕುತ್ತಿದ್ದೆ.

"ಬೀಗರು ಬಂದ್ರ ಚಾ ಮಾಡಾಕ ಐತಿ ಅದು. ನಿನ್ನ ಗ್ಯಾಸಿನ ಮ್ಯಾಲ ಹಾಲು ಉಕ್ಕತಾವು, ಕಾಯೂದಿಲ್ಲೋ ತಮ್ಮಾ," ಎನ್ನುತ್ತಿದ್ದಳು.

ಸುಳ್ಳೆಂದು ಹೇಳಲು ನನ್ನ ನಾಲಿಗೆ ಒಪ್ಪುತ್ತಿರಲಿಲ್ಲ. ಅವಳ ಮನೆಯ ಮೊಸರು ಉಂಡ ನಾಲಿಗೆ ಅದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಅವಳ ಹಿತ್ತಲಲ್ಲೇ ಹುಟ್ಟಿರಬೇಕು. ಊಟಕ್ಕೆ ಅವಳ ಕುಳ್ಳಿನ ಮೊಸರು, ದುಡಿಮೆಗೆ ಗ್ಯಾಸು. ನನ್ನದೂ ಎರಡು ದೋಣಿಯ ಮೇಲೆ ಕಾಲಿಟ್ಟ ಬಾಳು.

ಆದರೆ ಶಿವವ್ವನಿಗೆ ಓಣಿಯಲ್ಲಿ ಹೆಸರು ಬಂದದ್ದು ಮೊಸರಿನಿಂದಲ್ಲ, ಬಾಣಂತನದಿಂದ. ನಮ್ಮ ಕಡೆ ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಗಿಯಲ್ಲಿ ಕೆಂಡ ತುಂಬಿ ಇಡುತ್ತಾರೆ. ತಾಯಿಯ ಸೊಂಟಕ್ಕೂ ಕಾವು, ಪಕ್ಕದ ಕೂಸಿಗೂ ಕಾವು. ಕಟ್ಟಿಗೆಯ ಕೆಂಡ ಭಗ್ಗನೆ ಕಾದು ಬೇಗ ಆರುತ್ತದೆ. ಕುಳ್ಳಿನ ಕೆಂಡ ಬೂದಿ ಹೊದ್ದುಕೊಂಡು ನಾಲ್ಕೈದು ತಾಸು ಒಂದೇ ಹದದಲ್ಲಿ ಕೂತಿರುತ್ತದೆ. ಆ ಹದ ಶಿವವ್ವನ ಕೈಗೆ ಗೊತ್ತಿತ್ತು. ಓಣಿಯಲ್ಲಿ ನಲವತ್ತಕ್ಕೂ ಹೆಚ್ಚು ಬಾಣಂತನ ಮಾಡಿದ್ದಾಳೆ. ತಾಯಿ ಇಲ್ಲದ ನನ್ನ ಹೆಂಡತಿ ಸ್ನೇಹಾಳ ಎರಡೂ ಬಾಣಂತನ ಮಾಡಿದವಳು ಅವಳೇ. ಉಡಲಿಕ್ಕೆ ಒಂದು ಪತ್ತಲ ಕೊಟ್ಟರೆ ಇಸಿದುಕೊಳ್ಳುತ್ತಿದ್ದಳು, ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ.

ಇಷ್ಟು ಮಂದಿಯ ಬಾಣಂತನ ಮಾಡಿದವಳಿಗೆ ಸ್ವಂತ ಮಗಳ ಬಾಣಂತನ ಮಾತ್ರ ಒದಗಿ ಬಂದಿರಲಿಲ್ಲ. ಒಬ್ಬಳೇ ಮಗಳು ಮಧುಮತಿ. ಬೀಳಗಿಯ ಸಿದ್ದಾರೂಢನಿಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು. ಎರಡು ಸಲ ದಿನ ತುಂಬದೆ ಹೋಗಿತ್ತು. ಮೂರನೆಯ ಸಲ ನಾಲ್ಕು ತಿಂಗಳು ದಾಟಿತೆಂಬ ಸುದ್ದಿ ದೀಪಾವಳಿಗೆ ಬಂತು. ಮರುದಿನ ಬೆಳಿಗ್ಗೆ ಶಿವವ್ವ ಆಕಳ ಸಗಣಿಯನ್ನು ಎಮ್ಮೆಯದರಿಂದ ಬೇರೆ ಬುಟ್ಟಿಗೆ ತುಂಬಿದಳು. ನಮ್ಮ ಕ್ಯಾಲೆಂಡರ್ ಅಂದಿನಿಂದ ದಿನಾ ಎರಡು ಸಲ ಅಲುಗಾಡಿತು.

ಒಂದೇ ಆಕಳ ಸಗಣಿ ಎಷ್ಟಾದೀತು? ಆದರೂ ದಿನಕ್ಕಿಷ್ಟು ಎಂದು ಬಡಿದು, ಮಗುಚಿ ಹಾಕಿ, ಒಣಗಿದ್ದನ್ನು ಒಟ್ಟುತ್ತ ಬಂದಳು. ಶಿವರಾತ್ರಿಯ ಹೊತ್ತಿಗೆ ಹಿತ್ತಲ ಮೂಲೆಯಲ್ಲಿ ಆಳೆತ್ತರದ ಬಣವೆ ನಿಂತಿತ್ತು. ಮಂಜು ತಾಗದಂತೆ ಹೊರಗಿನಿಂದ ಸಗಣಿ ಬಳಿದು, ಮೇಲೆ ಕಬ್ಬಿನ ಒಣಗರಿ ಹೊದಿಸಿದ್ದಳು. ಹೀಗೆ ಒಬ್ಬಳ ಹೆಸರಿನಲ್ಲಿ ಒಟ್ಟಿದ ಕುಳ್ಳನ್ನು ಬೇರೆ ಒಲೆಗೆ ಹಚ್ಚುವುದಿಲ್ಲ, ನಮ್ಮ ಓಣಿಯ ರೂಢಿ ಅದು. ಮಗಳನ್ನು ತವರಲ್ಲಿ ಮಲಗಿಸಿ, ತನ್ನ ಕೈಯಾರೆ ಕೂಸನ್ನು ಕಾಯಿಸಿ ದೊಡ್ಡದು ಮಾಡಿ ಕಳಿಸಬೇಕು. ಆ ವರ್ಷ ಶಿವವ್ವನಿಗೆ ಇದ್ದ ಆಸೆ ಇದೊಂದೇ.

ತಾನೊಂದು ಬಗೆದರೆ ದೈವ ಒಂದು ಬಗೆಯಿತು. ಏಪ್ರಿಲ್‌ನಲ್ಲಿ ಆಗಬೇಕಾದ ಹೆರಿಗೆ ಫೆಬ್ರವರಿಯ ಕೊನೆಗೇ ಆಯಿತು. ಜಮಖಂಡಿಯ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತೂಕ ಒಂದು ಕಿಲೋ ಎಂಟುನೂರು ಗ್ರಾಂ. ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಉಸಿರು ನೆಟ್ಟಗಾದ ಮೇಲೆ ತವರುಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಎಲ್ಲರೆದುರು ಹೇಳಿದ್ದು ಎರಡೇ ಮಾತು: ಕೂಸು ಬೆಚ್ಚಗಿರಬೇಕು, ಕೂಸಿರುವ ಖೋಲಿಯಲ್ಲಿ ಹೊಗೆ ಆಗಬಾರದು.

ಶಿವವ್ವ ತಲೆಯಾಡಿಸಿದಳು. ಅವರನ್ನು ಕರೆತರಲು ಗಾಡಿ ಒಯ್ದಿದ್ದ ನಾನೂ ಅಲ್ಲೇ ಇದ್ದೆ. ಆ ತಲೆಯಾಟ ಪೂರಾ ಒಪ್ಪಿಗೆಯದಲ್ಲ ಎಂದು ನನಗೆ ಅನ್ನಿಸಿತ್ತು. ಆದರೆ ಯಾರು ಹೇಳಬೇಕು? ನನ್ನಂಥ ಗ್ಯಾಸಿನವನು ಹೇಳಿದರೆ ವ್ಯಾಪಾರದ ಮಾತಾಗುತ್ತಿತ್ತು.

ಅವಳದು ಹಟ ಎಂದು ಆಮೇಲೆ ಮಂದಿ ಆಡಿಕೊಂಡರು. ಹಟ ಅಲ್ಲ, ಹೆದರಿಕೆ. ಮಧುಮತಿ ಹುಟ್ಟಿದ್ದು ಪುಷ್ಯದ ಥಂಡಿಯಲ್ಲಿ, ಇದೇ ಮನೆಯಲ್ಲಿ. ಅಂಗೈ ಅಗಲದ ಕೂಸು, ಉಳಿಯುವುದಿಲ್ಲ ಎಂದು ಸೂಲಗಿತ್ತಿಯೇ ಎದ್ದು ಹೋಗಿದ್ದಳಂತೆ. ಶಿವವ್ವನ ತಾಯಿ ಎರಡು ತಿಂಗಳು ಹೊರಸಿನ ಕೆಳಗೆ ಕುಳ್ಳಿನ ಕೆಂಡ ಆರದಂತೆ ಕೂತಿದ್ದಳು. ಕೂಸು ಉಳಿಯಿತು. ಅದನ್ನು ಕಣ್ಣಾರೆ ಕಂಡವಳಿಗೆ, ಮಗಳ ಹೊಟ್ಟೆಯಲ್ಲಿ ಅಂಥದೇ ಇನ್ನೊಂದು ಹುಟ್ಟಿದಾಗ, ಕೆಂಡ ಇಡಬೇಡ ಎಂದರೆ ಹೇಗಾಗಿರಬೇಡ?

ಮನೆಗೆ ಬಂದ ನಾಲ್ಕನೆಯ ದಿನ ಸಂಜೆ ತಣ್ಣನೆಯ ಗಾಳಿ ಬಿಟ್ಟಿತು. ಕೂಸಿನ ಪಾದ ಮುಟ್ಟಿ ನೋಡಿದರೆ ತಣ್ಣಗಿತ್ತು. ಮಧುಮತಿಗೆ ಜೊಂಪು ಹತ್ತಿತ್ತು. ಡಾಕ್ಟರು ಬೇಡ ಎಂದದ್ದು ಹೊಗೆ, ಕೆಂಡವಲ್ಲವಲ್ಲ ಎಂದು ಶಿವವ್ವ ತನ್ನಷ್ಟಕ್ಕೆ ಲೆಕ್ಕ ಹಾಕಿದಳು. ಹಿತ್ತಲಲ್ಲೇ ಕುಳ್ಳು ಹಚ್ಚಿ, ಹೊಗೆಯೆಲ್ಲ ಹೋಗಿ ಕೆಂಪಗಾಗುವವರೆಗೆ ಕಾದು, ಆಮೇಲೆ ಅಗ್ಗಿಷ್ಟಿಗಿಯನ್ನು ಒಳಗೆ ತಂದು ಹೊರಸಿನ ಕೆಳಗೆ ಸರಿಸಿದಳು. ಗಾಳಿ ತಾಗೀತೆಂದು ಕಿಡಕಿಗೆ ಅರಿವೆ ತುರುಕಿದಳು. ಅಲ್ಲಿಗೆ ನಿಂತಿದ್ದರೂ ತಪ್ಪೇ. ಆದರೆ ನಲವತ್ತು ಬಾಣಂತನ ಮಾಡಿದ ಕೈ ನಿಲ್ಲಲಿಲ್ಲ. ಕೆಂಡದ ಮೇಲೆ ಒಂದು ಚಿಟಿಕೆ ಅಜವಾನ, ಒಂದು ಹರಳು ಲೋಬಾನ ಹಾಕುವುದು ಆ ಕೈಗೆ ರೂಢಿ. ಹಾಕಿಬಿಟ್ಟಿತು.

ಚನಮಲ್ಲಪ್ಪ ನಮ್ಮ ಮನೆಗೆ ಓಡಿ ಬಂದ. ಆತ ಓಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ವೀರಣ್ಣ, ಗಾಡಿ ತಗಿ. ಕೂಸು ಉಸಿರ ಹಿಡಿಯಾಕತ್ತೈತಿ."

ಖಾಲಿ ಸಿಲಿಂಡರುಗಳನ್ನು ಇಳಿಸಲೂ ಪುರಸೊತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಮಧುಮತಿ, ಅವಳ ಮಡಿಲಲ್ಲಿ ಕೂಸು; ಹಿಂದೆ ಸಿಲಿಂಡರುಗಳ ನಡುವೆ ಶಿವವ್ವ, ಚನಮಲ್ಲಪ್ಪ. ಕೂಸಿನ ತುಟಿ ನೀಲಿಗಟ್ಟಿತ್ತು. ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು. ಹಾರ್ನ್ ಒತ್ತಿ ಒತ್ತಿ ನನ್ನ ಕೈ ಸೋತಿತು. ಒಮ್ಮೆ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದಾಗ ಸಿಟ್ಟು ತಡೆಯಲಾಗದೆ ಹಿಂದಕ್ಕೆ ತಿರುಗಿ ಕೂಗಿದೆ: "ಬುದ್ಧಿ ಐತೇನಬೇ ನಿನಗ? ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲೇನು?" ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಹಾಲಿಂಗಪುರದ ದವಾಖಾನೆಯಲ್ಲಿ ಕೂಸಿಗೆ ಆಕ್ಸಿಜನ್ ಹಚ್ಚಿದರು. ಎರಡು ದಿನ ಏನೂ ಹೇಳಲಾಗದು ಎಂದರು. ಮೂರನೆಯ ದಿನ ಕೂಸು ಅತ್ತಿತು. ಆ ಅಳು ಕೇಳಿ ಶಿವವ್ವ ವರಾಂಡದ ಗೋಡೆಗೆ ಹಣೆ ಹಚ್ಚಿ ತಾನೂ ಅತ್ತಳು. ತನ್ನ ಕೈಯಿಂದಲೇ ಹೋಗುತ್ತಿತ್ತಲ್ಲ ಎಂಬುದು ಅವಳನ್ನು ಒಳಗಿಂದ ತಿನ್ನುತ್ತಿತ್ತು. ಅಲ್ಲಿನ ನರ್ಸ್ ಪ್ರೀತಿ ಬಂದು ಅವಳನ್ನು ಕೈ ಹಿಡಿದು ಕೂಡಿಸಿದಳು. ಆ ಹುಡುಗಿ ಮುಧೋಳದವಳು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಾಳೆ.

"ಆಯೀ, ಕೆಂಡ ಕೆಂಪಗಾದ್ರೂ ಕಣ್ಣಿಗೆ ಕಾಣದ ಹೊಗಿ ಇರ್ತೈತಿ. ದೊಡ್ಡವರಿಗೆ ತಡೀತೈತಿ, ಇದಕ್ಕ ತಡಿಯೂದಿಲ್ಲ. ಕೂಸಿಗೆ ಕಾವು ಬೇಕು ಅನ್ನೂದು ನಿಮ್ಮ ಮಾತು ಖರೇನ ಐತಿ. ಅದನ್ನ ಕೊಡೂದು ಹೆಂಗ ಅಂತ ನಾ ತೋರಸ್ತೇನಿ."

ತೋರಿಸಿದ್ದು ಬಹಳ ಸರಳ. ಕೂಸಿನ ತಲೆಗೆ ಕುಲಾಯಿ ಹಾಕಿ, ಮೈ ಬರಿದು ಮಾಡಿ, ತಾಯಿಯ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಕವುಚಿ ಇಟ್ಟು ಮೇಲಿಂದ ಪತ್ತಲ ಸುತ್ತಿ ಕಟ್ಟುವುದು. ಮೈಗೆ ಮೈ ಹತ್ತಿ ಕಾವು ಏರುತ್ತದಂತೆ. ತಾಯಿ ದಣಿದಾಗ ಆಯಿ, ಅಂದರೆ ಅಜ್ಜಿಯೂ ಇಟ್ಟುಕೊಳ್ಳಬಹುದು, ಅಪ್ಪನೂ ಇಟ್ಟುಕೊಳ್ಳಬಹುದು ಎಂದಳು.

"ಈ ಮುದಿ ಮೈಯಾಗ ಏನು ಕಾವು ಉಳದೈತಿ ತಂಗೀ?" ಎಂದಳು ಶಿವವ್ವ.

ಕೂಸಿನ ಅಜ್ಜಿ, ಅಂದರೆ ಸಿದ್ದಾರೂಢನ ತಾಯಿ ಬನಶಂಕರಿ, ಅಷ್ಟೊತ್ತಿಗೆ ಬೀಳಗಿಯಿಂದ ಬಂದಿಳಿದಿದ್ದಳು. ಕೆಟ್ಟ ಹೆಂಗಸಲ್ಲ. ಒಂಬತ್ತು ವರ್ಷ ಮೊಮ್ಮಗುವಿಗಾಗಿ ಕಾದವಳು ಅವಳೂ ಹೌದು. ಸೊಸೆ ಮತ್ತು ಕೂಸನ್ನು ನೇರ ಬೀಳಗಿಗೆ ಒಯ್ಯುತ್ತೇನೆಂದು ಕೂತಳು. ಮಧುಮತಿ ಅವ್ವನ ಕೈ ಬಿಡಲಿಲ್ಲ. "ನಾ ಅವ್ವನ ಕಡೆನ ಇರ್ತೇನ್ರಿ ಅತ್ತಿ," ಎಂದು ಅತ್ತಳು. ಕೊನೆಗೆ ಬನಶಂಕರಿ ಒಂದು ಮಾತು ಹಾಕಿದಳು.

"ನೋಡ್ರಿ ಬೀಗರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ನಿಮ್ಮ ಕೈ ಮ್ಯಾಲ ಸಿಟ್ಟೈತಿ. ಆ ಬಣಿವಿ ಹಿತ್ತಲದಾಗ ಇರೂತನಕ ನಿಮ್ಮ ಕೈ ಸುಮ್ಮನ ಕುಂಡರೂದಿಲ್ಲ. ಹೋಳಿ ಹುಣ್ಣಿವಿ ದಿನಾ ಬರ್ತೇನಿ. ಒಂದ ಕುಳ್ಳ ಕಂಡ್ರೂ ತಾಯಿ ಮಗಳನ್ನ ಕರಕೊಂಡ ಹೋಗ್ತೇನಿ."

"ಆತು," ಎಂದಳು ಶಿವವ್ವ.

ಹುಣ್ಣಿಮೆಗೆ ಎಂಟು ದಿನವಿತ್ತು. ಮನೆಗೆ ಬಂದ ಮೇಲೆ ಹಗಲೆಲ್ಲ ಮಧುಮತಿ, ಅವಳು ಮಲಗಿದಾಗ ಶಿವವ್ವ, ಹೀಗೆ ಪಾಳಿಯ ಮೇಲೆ ಕೂಸನ್ನು ಎದೆಗೆ ಕಟ್ಟಿಕೊಂಡರು. ಪ್ರೀತಿ ಎರಡು ದಿನಕ್ಕೊಮ್ಮೆ ಫೋನು ಮಾಡಿ ಕೂಸಿನ ಮೈ ಎಷ್ಟು ಬಿಸಿ ಇದೆ ಎಂದು ಕೇಳುವಳು. ಸ್ನೇಹಾ ಹೋಗಿ ಥರ್ಮಾಮೀಟರ್ ಹಚ್ಚಿ ಓದಿ ಹೇಳುವಳು. ಎಲ್ಲ ಸರಿಯಾಗಿಯೇ ಇತ್ತು. ಬಣವೆ ಮಾತ್ರ ಇದ್ದಲ್ಲೇ ಇತ್ತು.

ನನಗೆ ಸಿಟ್ಟು ಬರತೊಡಗಿತು. "ಯವ್ವಾ, ಗಾಡ್ಯಾಗ ಹಾಕ್ಕೊಂಡ ಬನಹಟ್ಟಿಗೆ ಒಯ್ತೇನಿ. ಯಾರರ ಕೊಂಡಾರು," ಎಂದೆ.

"ಮಾರೂದು? ಮಧುಮತಿ ಹೆಸರಲೆ ಒಟ್ಟಿದ್ದನ್ನ ಮಾರೂದು?" ನನ್ನನ್ನು ಸುಡುವ ಹಾಗೆ ನೋಡಿದಳು. ನೆರೆಯವರಿಗೆ ಕೊಟ್ಟುಬಿಡು ಎಂದರೆ ಅವರೂ ಒಲ್ಲೆವು ಎಂದರು. ಬಾಣಂತಿಯ ಹೆಸರಿನ ಕುಳ್ಳು ಯಾರು ಒಲೆಗೆ ಹಚ್ಚುತ್ತಾರೆ? ಇದು ಅವಳಿಗೂ ಗೊತ್ತಿತ್ತು. ಖರೆ ಹೇಳಬೇಕೆಂದರೆ, ಆ ಬಣವೆ ಅಲ್ಲಿರಲೆಂದು ಅವಳ ಜೀವ ಬಯಸುತ್ತಿತ್ತು. ಥರ್ಮಾಮೀಟರ್ ಏನೇ ಹೇಳಲಿ, ಒಂದು ದಿನ ಕೂಸು ತಣ್ಣಗಾಗಿಬಿಟ್ಟರೆ? ಹಿಂದೆ ಮಧುಮತಿಯನ್ನು ಉಳಿಸಿದ್ದು ಕುಳ್ಳಿನ ಕೆಂಡವೇ ಅಲ್ಲವೇ? ಒಂದು ಬೆಳಿಗ್ಗೆ ಹೋದಾಗ, ಕೂಸನ್ನು ಎದೆಗೆ ಕಟ್ಟಿಕೊಂಡೇ ಬಣವೆಯ ಪಕ್ಕದಲ್ಲಿ ನಿಂತು ಅದರ ಮೇಲೆ ಕೈಯಾಡಿಸುತ್ತಿದ್ದಳು. ನನ್ನನ್ನು ನೋಡಿ ಕೈ ಹಿಂದಕ್ಕೆ ತೆಗೆದಳು. ನಾನು ತಿರುಗಿ ಬಂದೆ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಶಿವವ್ವ ಗೌರೀಶನನ್ನು ಕರೆಸಿದಳು. ಇಪ್ಪತ್ತೈದರ ಗೌರೀಶ ಬೆಲ್ಲದ ಗಾಣದಲ್ಲಿ ಕೆಲಸ ಮಾಡುತ್ತಾನೆ, ಹೋಳಿ ಹಬ್ಬದಲ್ಲಿ ನಮ್ಮ ಓಣಿಯವರು ಹಚ್ಚುವ ಕಾಮಣ್ಣನ ಬೆಂಕಿಗೆ ಅವನೇ ಮುಂದಾಳು.

"ಬಣಿವಿ ಒಯ್ಯೋ, ಕಾಮಣ್ಣಗ ಕೊಟ್ಟೇನಿ," ಎಂದಳು.

ಗೌರೀಶ ತಲೆ ಕೆರೆದುಕೊಂಡ. "ಕೊಟ್ಟಿದ್ದು ಕಾಮಣ್ಣಗ ಸಲ್ಲೂದಿಲ್ಲ ಆಯೀ. ನಿನಗ ಗೊತ್ತಿಲ್ಲೇನು? ಕದ್ದದ್ದ ಆಗಬೇಕು."

ಖರೆ ಮಾತು. ನಮ್ಮ ಓಣಿಯಲ್ಲಿ ಕಾಮಣ್ಣನ ಬೆಂಕಿಗೆ ಬೀಳುವ ಕಟ್ಟಿಗೆ, ಕುಳ್ಳು ಎಲ್ಲ ಕಳವಿನದೇ ಆಗಬೇಕು. ಕದ್ದವರನ್ನು ಮನೆಯವರು ಬಾಯಿಗೆ ಬಂದಂತೆ ಬೈಯಬೇಕು. ಬೈಯದಿದ್ದರೆ ಅದು ದಾನವಾಗುತ್ತದೆ. ಆದರೆ ಬೆಂಕಿಯ ರಾಶಿಗೆ ಒಮ್ಮೆ ಬಿದ್ದದ್ದನ್ನು ಯಾರೂ ತಿರುಗಿ ಕೇಳುವ ಹಾಗಿಲ್ಲ. ದೇಸಾಯಿಯ ಬಾಗಿಲ ಕದ ಹೊತ್ತರೂ ಅಷ್ಟೇ, ಬಡವಿಯ ಬುಟ್ಟಿ ಹೊತ್ತರೂ ಅಷ್ಟೇ.

ಶಿವವ್ವ ಬಣವೆಯ ಕಡೆಗೊಮ್ಮೆ ನೋಡಿದಳು. "ಮಧ್ಯಾಹ್ನ ಮ್ಯಾಲ ನಾ ಪಡಸಾಲ್ಯಾಗ ಕುಂತಿರ್ತೇನಿ. ಈ ಕಡೆ ಬೆನ್ನ ಮಾಡಿ," ಎಂದಳು.

ಮಧ್ಯಾಹ್ನ ಊಟವಾದ ಮೇಲೆ ಹತ್ತು ಹನ್ನೆರಡು ಹುಡುಗರು ಬುಟ್ಟಿ ತೆಗೆದುಕೊಂಡು ಹಿತ್ತಲಿಗೆ ಬಂದರು. ನಾನೂ ಹೋಗಿ ಗೋಡೆಯ ಹತ್ತಿರ ನಿಂತೆ. ಮಧುಮತಿ ಒಳಗೆ ಮಲಗಿದ್ದಳು. ಶಿವವ್ವ ಪಡಸಾಲೆಯಲ್ಲಿ ಹಿತ್ತಲಿಗೆ ಬೆನ್ನು ಹಾಕಿ ಕೂತಿದ್ದಳು, ಎದೆಯ ಮೇಲೆ ಪತ್ತಲದೊಳಗೆ ಕೂಸು. ಚನಮಲ್ಲಪ್ಪ ತಾನೇ ಎದ್ದು ಹಿತ್ತಲ ಬಾಗಿಲ ಅಗಳಿ ತೆಗೆದು, ಏನೂ ಕಾಣದವನಂತೆ ಎಮ್ಮೆಗೆ ನೀರು ಕುಡಿಸಲು ಹೋದ.

ಹುಡುಗರು ಕಬ್ಬಿನ ಗರಿ ಸರಿಸಿದರು. ಮೇಲಿನ ಸಗಣಿಯ ಪದರು ಬಿರಿಯಿತು. ಒಳಗೆ ಸಾಲಾಗಿ ಒಟ್ಟಿದ ಕುಳ್ಳು, ಒಂದೊಂದರ ಮೇಲೂ ಅವಳ ಐದು ಬೆರಳಿನ ಗುರುತು. ನಾಲ್ಕು ತಿಂಗಳ ಬೆಳಗು ಅದು. ಬುಟ್ಟಿ ತುಂಬುವ ಸದ್ದು ಬಿದ್ದಾಗಲೆಲ್ಲ ಅವಳ ಬೆನ್ನು ಸಣ್ಣಗೆ ಅಲುಗುತ್ತಿತ್ತು, ಕತ್ತು ಮಾತ್ರ ತಿರುಗಲಿಲ್ಲ. ಈ ಒಣಗಿದ ಸಗಣಿಗೆ ನಾನು ಸಂಕಟಪಟ್ಟೇನೆಂದು ಹದಿನಾರು ವರ್ಷದಲ್ಲಿ ಒಮ್ಮೆಯೂ ಅಂದುಕೊಂಡಿರಲಿಲ್ಲ.

ಎರಡು ಬುಟ್ಟಿ ಹೊರಗೆ ಹೋದವು, ಮೂರಾದವು. ಶಿವವ್ವನಿಂದ ಮಾತೇ ಇಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಗೌರೀಶ ಬುಟ್ಟಿ ಕೆಳಗಿಟ್ಟು ಪಡಸಾಲೆಯ ಮೆಟ್ಟಿಲ ಹತ್ತಿರ ಬಂದ.

"ಆಯೀ, ಬೈ ಬೇ. ನೀ ಬೈಲಿಲ್ಲಂದ್ರ ನಾವು ಒಯ್ಯಾಂಗಿಲ್ಲ."

ಶಿವವ್ವ ತಲೆ ಬಗ್ಗಿಸಿ ಪತ್ತಲದೊಳಗೆ ನೋಡಿದಳು. ಒಂದು ಕೈಯನ್ನು ಒಳಗೆ ಹಾಕಿ ಕೂಸಿನ ಪಾದ ಮುಟ್ಟಿದಳು. ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ, ಓಣಿಯ ತುದಿಗೆ ಕೇಳುವಂಥ ಗಂಟಲಿನ ಆ ಹೆಂಗಸು, ಪಕ್ಕದಲ್ಲಿದ್ದವರಿಗೂ ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ ಬೈದಳು:

"ಕಳ್ಳ ಭಾಡ್ಯಾಗೋಳ್ರ್ಯಾ, ನಿಮ್ಮ ಕೈ ಸೇದಿ ಹೋಗ್ಲಿ... ಸಾವಕಾಶ ಒಯ್ರೋ. ಈಗರ ಮೈ ಬೆಚ್ಚಗಾಗೇತಿ ಕೂಸಿಂದು, ಎಬ್ಬಸಬ್ಯಾಡ್ರಿ."